ಏಳನೇ ಕ್ಲಾಸು ದಾಟಿದ ಮೇಲೂ ಆಡಲಿ: ಹಳ್ಳಿ ಹುಡುಗಿಯರಿಗೆ ಸಂಜೆಯಾಟ ಶುರುಮಾಡುವ ಬಗೆ

ಐದನೇ ಕ್ಲಾಸಿನಲ್ಲಿ ಗೇರುಮರದ ತುದಿಗೆ ಹತ್ತುತ್ತಿದ್ದ ಹುಡುಗಿ, ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಆಟದ ಪೀರಿಯಡ್ಡಿನಲ್ಲಿ ಮೆಟ್ಟಿಲ ಮೇಲೆ ಕೂತು ಉಳಿದವರ ಬ್ಯಾಗು ಕಾಯುತ್ತಾಳೆ. ಪೆರ್ಲ, ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ ಕಡೆ ನಾನು ಹೋದ ಶಾಲೆಗಳಲ್ಲೆಲ್ಲ ಇದನ್ನು ಕಂಡಿದ್ದೇನೆ. ಕೇಳಿದರೆ "ಅವಳಿಗೆ ಆಸಕ್ತಿ ಇಲ್ಲ" ಅನ್ನುತ್ತಾರೆ. ಕಾಸರಗೋಡಿನ ಒಳಭಾಗದ ನಮ್ಮ ಊರಿನಲ್ಲಿ ಏಳು ವರ್ಷದಿಂದ ಹುಡುಗಿಯರ ಸಂಜೆಯಾಟ ನಡೆಸುತ್ತ ಬಂದಿದ್ದೇನೆ. ಆಸಕ್ತಿ ಇಲ್ಲದ ಹುಡುಗಿಯನ್ನು ಇನ್ನೂ ನೋಡಿಲ್ಲ. ಓಡಲು ಸರಿಯಾದ ಬಟ್ಟೆ, ಕತ್ತಲಾಗುವ ಮೊದಲು ಮನೆ ಮುಟ್ಟುವ ದಾರಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯ, "ಹೋಗಿ ಬಾ" ಅನ್ನುವ ಒಬ್ಬರು, ಇಷ್ಟು ಇಲ್ಲದ ಹುಡುಗಿಯರನ್ನು ಮಾತ್ರ ಬಹಳ ನೋಡಿದ್ದೇನೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕು, ಅದರಲ್ಲಿ ವಾರಕ್ಕೆ 3 ದಿನವಾದರೂ ಎಲುಬು ಮತ್ತು ಸ್ನಾಯುವಿಗೆ ಬಲ ಬರುವಂಥದ್ದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ 2016ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ಶೇ. 85 ಮಂದಿಗೆ ಇಷ್ಟು ಸಿಗುತ್ತಿಲ್ಲ. ಹುಡುಗರಲ್ಲಿ ಆ ಸಂಖ್ಯೆ ಶೇ. 78. "ನಮ್ಮ ಮಕ್ಕಳು ಮನೆಯಲ್ಲಿ ಕೆಲಸ ಮಾಡುತ್ತಾರಲ್ಲ, ಅದೇ ವ್ಯಾಯಾಮ" ಎಂದು ಹಲವರು ಹೇಳುವುದುಂಟು. ಕೊಡಪಾನ ಹೊರುವುದು, ಅಡಿಕೆ ಹೆಕ್ಕುವುದು ಮೈಮುರಿಯುವ ಕೆಲಸವೇ, ನಿಜ. ಆದರೆ ಎಲುಬು ಗಟ್ಟಿಯಾಗುವ ಹದಿಹರೆಯದಲ್ಲಿ ಓಟ ಬೇಕು, ಜಿಗಿತ ಬೇಕು. ಜೊತೆಗೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಒಂದು ಗಂಟೆಯೂ ಬೇಕು. ಅದು ಅಡಿಕೆ ಹೆಕ್ಕಿ ಸಿಗುವುದಿಲ್ಲ.

ಚೆಂಡು ಕೊಳ್ಳುವ ಮೊದಲು ಮನೆ ಸುತ್ತಿ

ಹೆಚ್ಚಿನವರು ಎಡವುವುದು ಇಲ್ಲೇ. ಉತ್ಸಾಹದಲ್ಲಿ ಜೆರ್ಸಿ ಹೊಲಿಸುತ್ತಾರೆ, ಉದ್ಘಾಟನೆ ಇಟ್ಟುಕೊಳ್ಳುತ್ತಾರೆ, ಎರಡು ತಿಂಗಳಲ್ಲಿ ಅಂಗಳ ಖಾಲಿ. ಮೊದಲ ಹದಿನೈದು ದಿನ ಬರೇ ಮನೆಮನೆಗೆ ಹೋಗಿ. ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು, ಅಡುಗೆಮನೆಯ ಕೆಲಸ ಮುಗಿದು ಅಮ್ಮಂದಿರು ಜಗಲಿಯಲ್ಲಿ ಬೀಡಿ ಕಟ್ಟಲು ಕೂತಿರುತ್ತಾರೆ. ಎದುರು ಕೂರಿ. ಅವರ ಕೈ ನಿಲ್ಲಬೇಕಾದ ಅಗತ್ಯವಿಲ್ಲ, ಮಾತು ತಾನೇ ಬರುತ್ತದೆ.

ಅಂಥ ಒಂದು ಜಗಲಿಯಲ್ಲಿ ಕೇಳಿದ ಮಾತನ್ನು ನಾನು ಮರೆಯಲಾರೆ. ಬೀಡಿ ಕಟ್ಟುವ ತಡ್ಪೆಯನ್ನು (ಮೊರವನ್ನು) ಮಡಿಲಿಗೆ ಎಳೆದುಕೊಂಡು, ಎಲೆ ಸುರುಳುತ್ತ, ತಲೆ ಎತ್ತದೆಯೇ ಆ ತಾಯಿ ಹೇಳಿದರು: "ಆಡುವುದು ಬೇಡ ಅಂತಲ್ಲ ಅಕ್ಕಾ. ಆರು ಗಂಟೆಗೆ ಆ ಗುಡ್ಡೆ ದಾರಿಯಲ್ಲಿ ಒಬ್ಬಳೇ ಬರುವುದು ಹೇಗೆ, ಅದು ಹೇಳಿ." ನೂಲು ಸುತ್ತಿ ಮುಗಿಸಿ, ಕಟ್ಟಿದ ಬೀಡಿಯನ್ನು ತಡ್ಪೆಯ ಅಂಚಿಗೆ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಮಾತು: "ನಾನೂ ಏಳನೆಯವರೆಗೆ ಕಬಡ್ಡಿ ಆಡಿದ್ದೆ. ಮತ್ತೆ ಯಾರೂ ಕರೆಯಲಿಲ್ಲ."

ಪ್ರತಿ ಮನೆಯಲ್ಲೂ ನಾಲ್ಕು ವಿಷಯ ಕೇಳಿ ಪುಸ್ತಕದಲ್ಲಿ ಬರೆದಿಡಿ. ಶಾಲೆ ಬಿಟ್ಟ ಮೇಲೆ ಹುಡುಗಿಗೆ ಯಾವ ಕೆಲಸ ಕಾದಿದೆ? ಯಾವ ದಾರಿಯಲ್ಲಿ ಮನೆಗೆ ಹೋಗುತ್ತಾಳೆ, ಜೊತೆಗೆ ಯಾರಿದ್ದಾರೆ? ಮನೆಯಲ್ಲಿ ಕೊನೆಗೆ ಒಪ್ಪಿಗೆ ಕೊಡುವವರು ಯಾರು? ಅವಳಿಗೆ ಉಬ್ಬಸ, ಫಿಟ್ಸ್, ಹೃದಯದ ತೊಂದರೆ ಏನಾದರೂ ಇದೆಯಾ? ಮೂರನೆಯ ಪ್ರಶ್ನೆ ಬಹಳ ಮುಖ್ಯ. ಕೆಲವೊಮ್ಮೆ ಅಪ್ಪ ಒಪ್ಪಿರುತ್ತಾರೆ, ತಡೆಯುವುದು ಅಜ್ಜಿ. ಆಗ ಅಜ್ಜಿಯ ಹತ್ತಿರವೇ ಮಾತಾಡಬೇಕು. "ಆಡಿದರೆ ಕಪ್ಪಾಗುತ್ತಾಳೆ, ಗಂಡು ಸಿಗುವುದಿಲ್ಲ" ಎಂಬ ಮಾತಿಗೆ ಸಿಟ್ಟಾಗಬೇಡಿ. ನಾನು ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿಯವರ ಕತೆ ಹೇಳುತ್ತೇನೆ. ನಮ್ಮ ಹಾಗೆ ಗದ್ದೆ, ಗುಡ್ಡೆ ಇರುವ ಊರಿನವರು. 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮಂಗಳೂರಿನ ಆಚೆ ಕಡೆಯ ಹುಡುಗಿ ಎಂದ ಕೂಡಲೇ ಅಜ್ಜಿಯರ ಮುಖದಲ್ಲಿ "ನಮ್ಮವಳೇ" ಎಂಬ ಭಾವ ಬರುವುದನ್ನು ಕಂಡಿದ್ದೇನೆ.

ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಾದ ಹುಡುಗಿಯರು ಇರುತ್ತಾರೆ. "ಕರೆದುಕೊಂಡೇ ಬಾ" ಅನ್ನಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಕೆಲವು ಮನೆಗಳಲ್ಲಿ ಗೇರುತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ನೋವು ಇನ್ನೂ ಮಂಚದ ಮೇಲೆ ಮಲಗಿದೆ. ಅಲ್ಲಿ ಅಕ್ಕ ಎಂದರೆ ಅರ್ಧ ಅಮ್ಮ. ಗಾಲಿಕುರ್ಚಿಯಲ್ಲಿ ಬರುವ ತಮ್ಮನಿಗೆ ವಿಸಿಲ್ ಊದುವ ಕೆಲಸ, ಅಂಕ ಬರೆಯುವ ಕೆಲಸ ಕೊಡಿ. ಬಡ್ಸ್ ಶಾಲೆಗೆ, ಅಂದರೆ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ವಿಶೇಷ ಶಾಲೆಗೆ, ಹೋಗುವ ಹುಡುಗಿಯರನ್ನೂ ಕರೆಯಿರಿ, ಚೆಂಡು ಎಸೆಯುವ ಆಟಗಳಲ್ಲಿ ಅವರಿಗೆ ಆಗದ್ದು ಕಡಿಮೆ.

ಹೊತ್ತು ಮತ್ತು ದಾರಿ

ಮೊದಲ ವರ್ಷ ನಾನು ಐದರಿಂದ ಆರೂವರೆ ಎಂದು ಇಟ್ಟೆ. ನನ್ನ ಅನುಕೂಲಕ್ಕೆ ಇಟ್ಟ ಹೊತ್ತು ಅದು. ಜೂನ್‌ನಲ್ಲಿ ಮೂವತ್ತು ಮಂದಿ ಇದ್ದರು, ನವೆಂಬರಿನಲ್ಲಿ ಎಂಟು. ನವೆಂಬರಿನಲ್ಲಿ ಆರಕ್ಕೆ ಸೂರ್ಯ ಮುಳುಗುತ್ತಾನೆ ಎಂಬುದು ನನಗೆ ಹೊಳೆದದ್ದು ಆಗ. ಈಗ ನಾಲ್ಕಕ್ಕೆ ಶಾಲೆ ಬಿಟ್ಟರೆ ನಾಲ್ಕೂಕಾಲಿಗೆ ಶುರು, ಐದೂಕಾಲಿಗೆ ಮುಗಿಯಲೇಬೇಕು. ಬೆಳಗ್ಗಿನ ಹೊತ್ತು ನಮ್ಮ ಕಡೆ ಆಗುವುದಿಲ್ಲ. ಮದರಸಕ್ಕೆ ಹೋಗುವ ಹುಡುಗಿಯರೆಲ್ಲ ತಪ್ಪಿಹೋಗುತ್ತಾರೆ, ಉಳಿದವರಿಗೆ ಮನೆಗೆಲಸ. ಭಾನುವಾರ ಮದುವೆ, ಪೂಜೆ, ನೇಮ ಎಂದು ಯಾರೂ ಸಿಗುವುದಿಲ್ಲ. ವಾರಕ್ಕೆ ಮೂರು ದಿನ, ಅದೇ ದಿನ, ಅದೇ ಹೊತ್ತು. ದಿನ ಬದಲಿಸುತ್ತ ಹೋದರೆ ಮನೆಯವರ ನಂಬಿಕೆ ಕಳೆದುಹೋಗುತ್ತದೆ.

ದಾರಿಗೆ ನಾವು ಮಾಡಿದ ಉಪಾಯ: ಒಂದು ದೊಡ್ಡ ಕಾಗದದ ಮೇಲೆ ಊರಿನ ನಕ್ಷೆ ಬರೆದೆವು. ತೋಡು, ಕಾಲುಸಂಕ, ಕಟ್ಟಪುಣಿ (ಗದ್ದೆಯ ಬದು), ಗುಡ್ಡೆಯ ತಿರುವು, ನಾಯಿ ಇರುವ ಮನೆ, ಎಲ್ಲವನ್ನೂ ಹುಡುಗಿಯರೇ ಗುರುತಿಸಿದರು. ನಾಲ್ಕು ದಾರಿ ಗುಂಪುಗಳಾದವು. ಪ್ರತಿ ಗುಂಪಿಗೆ ಒಬ್ಬ ದೊಡ್ಡ ಹುಡುಗಿ, ಮತ್ತು ದಾರಿಯ ಕೊನೆಯ ಮನೆಯ ಒಬ್ಬ ಅಮ್ಮ. ಮಕ್ಕಳು ಮುಟ್ಟಿದ ಕೂಡಲೇ ಆ ಅಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಬೇಕು. ಮಳೆಗಾಲದಲ್ಲಿ ಸಂಕದ ಮೇಲೆ ನೀರು ಬಂದರೆ ಆ ಗುಂಪಿಗೆ ಅವತ್ತು ರಜೆ, ಪ್ರಶ್ನೆಯೇ ಇಲ್ಲ. ಗುಡ್ಡೆ ದಾರಿಯ ಬಗ್ಗೆ ಕೇಳಿದ ಆ ಬೀಡಿ ಕಟ್ಟುವ ತಾಯಿಯೇ ಆ ದಾರಿಯ ಜವಾಬ್ದಾರಿ ವಹಿಸಿಕೊಂಡರು.

ಆಡುವ ಜಾಗ ತಿಂಗಳಿಗೊಂದು

ನಮ್ಮ ನೆಲದಲ್ಲಿ ವರ್ಷವಿಡೀ ಸಿಗುವ ಒಂದೇ ಮೈದಾನಕ್ಕೆ ಕಾಯುತ್ತ ಕೂತರೆ ಹುಡುಗಿಯರು ದೊಡ್ಡವರಾಗಿಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ, ಶಾಲೆಯ ಜಗಲಿ ಅಥವಾ ಸಭಾಭವನ ಬೇಕು. ಮಳೆ ಬಿಟ್ಟ ಮೇಲೆ ಯಾರದಾದರೂ ಅಡಿಕೆ ಅಂಗಳ. ಆದರೆ ಅಡಿಕೆ ಕೊಯ್ಲು ಶುರುವಾದರೆ ಅಂಗಳದ ತುಂಬ ಅಡಿಕೆ ಒಣಗುತ್ತದೆ, ಅಷ್ಟರಲ್ಲಿ ಮೊದಲ ಬೆಳೆ ಕೊಯ್ದ ಗದ್ದೆ ಖಾಲಿಯಾಗಿರುತ್ತದೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಹಾರುತ್ತ ಹೋಗಿ. ಗದ್ದೆಯವರಿಗೆ ಮೊದಲೇ ಹೇಳಿ, ಆಡಿದ ಮೇಲೆ ಕಟ್ಟಪುಣಿ ಕುಸಿದಿದ್ದರೆ ಸರಿಮಾಡಿ ಕೊಡಿ.

ಊರಿನ ಕ್ಲಬ್ಬಿನ ಮೈದಾನ ಇದ್ದೇ ಇರುತ್ತದೆ, ಸಂಜೆ ಅಲ್ಲಿ ಹುಡುಗರ ಕ್ರಿಕೆಟ್ಟೋ ಫುಟ್ಬಾಲೋ. "ಜಾಗ ಬಿಡಿ" ಎಂದು ಮೈದಾನದಲ್ಲಿ ನಿಂತು ಜಗಳಾಡಬೇಡಿ. ಕ್ಲಬ್ಬಿನ ವಾರ್ಷಿಕ ಸಭೆಗೆ ನಾಲ್ಕು ಅಮ್ಮಂದಿರ ಜೊತೆ ಹೋಗಿ, ವಾರಕ್ಕೆ ಎರಡು ದಿನ ಒಂದು ಗಂಟೆ ಹುಡುಗಿಯರಿಗೆ ಎಂದು ನಿರ್ಣಯ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ಪದಾಧಿಕಾರಿಗಳು ಬದಲಾದ ಕೂಡಲೇ ಮರೆಯಾಗುತ್ತದೆ.

ನೆಲವನ್ನು ನೀವೇ ಬರಿಗಾಲಲ್ಲಿ ನಡೆದು ನೋಡಿ. ಮುರಕಲ್ಲಿನ ಚೂರು, ಗಾಜು, ಅಡಿಕೆ ಸೋಗೆಯ ಕಡ್ಡಿ ಎಲ್ಲ ಹೆಕ್ಕಬೇಕು. ಮಳೆಗಾಲದ ನಂತರ ಅಂಗಳದಲ್ಲಿ ಹಾವಸೆ ಕಟ್ಟಿರುತ್ತದೆ, ಉಜ್ಜಿ ತೆಗೆಯದೆ ಓಡಿಸಿದರೆ ಕೈ ಮುರಿಯುವುದು ಖಂಡಿತ. ಕಬಡ್ಡಿಗೆ ಗಟ್ಟಿ ನೆಲವನ್ನು ಪಿಕ್ಕಾಸಿನಲ್ಲಿ ಸಡಿಲಿಸಿ, ಮರಳು ಮತ್ತು ಮರದ ಹುಡಿ ಬೆರೆಸಿ ಹಾಸಿ.

ಗೆರೆ ಎಳೆಯುವುದು ಕಷ್ಟವಲ್ಲ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಮೂಲೆ ಸರಿಯಾಗಿ ಬರಲು ಒಂದು ಹಗ್ಗದಲ್ಲಿ 3, 4, 5 ಮೀಟರ್ ಉದ್ದದ ಮೂರು ಭಾಗ ಬರುವ ಹಾಗೆ ಗಂಟು ಹಾಕಿ ತ್ರಿಕೋನ ಹಿಡಿಯಿರಿ, 3 ಮತ್ತು 4ರ ನಡುವಿನ ಮೂಲೆ ಲಂಬ ಕೋನ. ನಾಲ್ಕು ಬದಿ ಎಳೆದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಎರಡೂ ಕಡೆ 14 ಮೀಟರ್ 42 ಸೆಂಟಿಮೀಟರ್ ಬಂದರೆ ಅಂಕಣ ಸರಿಯಿದೆ. ನಡುಗೆರೆಯಿಂದ 3 ಮೀಟರಿಗೆ ಬಾಕ್ ಲೈನು, ಅಲ್ಲಿಂದ 1 ಮೀಟರಿಗೆ ಬೋನಸ್ ಲೈನು. ಇದನ್ನು ಹುಡುಗಿಯರಿಂದಲೇ ಮಾಡಿಸಿ. ಪೈಥಾಗೊರಸನ ಪ್ರಮೇಯ ಪುಸ್ತಕದಲ್ಲಿ ಅರ್ಥವಾಗದೆ ಕಣ್ಣೀರು ಹಾಕಿದ್ದ ಒಬ್ಬಳು ಗದ್ದೆಯಲ್ಲಿ ಹಗ್ಗ ಹಿಡಿದು "ಓ, ಇದೇಯಾ!" ಎಂದಳು. ಗೆರೆಗೆ ಸುಡುವ ಸುಣ್ಣ ಬೇಡ, ಕಣ್ಣಿಗೆ ಹಾನಿ. ಒಲೆಬೂದಿ ಸಾಕು.

ಯಾವ ಆಟ

ಮೊದಲ ತಿಂಗಳು ಲಗೋರಿ, ಕುಂಟೆಬಿಲ್ಲೆ, ನಾರಿನ ಹಗ್ಗದಲ್ಲಿ ಹಗ್ಗದಾಟ. ಎಲ್ಲರಿಗೂ ಗೊತ್ತಿರುವ ಆಟದಲ್ಲಿ ಯಾರಿಗೂ ನಾಚಿಕೆ ಇಲ್ಲ. ಆಮೇಲೆ ಕಬಡ್ಡಿ, ಖೋ ಖೋ, ಥ್ರೋಬಾಲ್. ಹಗ್ಗಜಗ್ಗಾಟಕ್ಕೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಅಭಿಮಾನಿ ಬಳಗವೇ ಇದೆ, ಓಡಲು ಮನಸ್ಸಿಲ್ಲದ ದಪ್ಪ ಹುಡುಗಿ ಅಲ್ಲಿ ತಂಡದ ಆಧಾರವಾಗುತ್ತಾಳೆ. ಖೋ ಖೋ ಹಳೆಯ ಕಾಲದ ಆಟ ಎಂದು ಮೂಗು ಮುರಿಯುವವರಿಗೆ 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ವಿಶ್ವಕಪ್ ನೆನಪಿಸಿ. ನೇಪಾಳವನ್ನು 78-40ರಿಂದ ಸೋಲಿಸಿ ಕಪ್ ಎತ್ತಿದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಇದ್ದರು.

ಆಟಿ ತಿಂಗಳ (ಜುಲೈ-ಆಗಸ್ಟ್) ಕೆಸರುಗದ್ದೆ ಕ್ರೀಡಾಕೂಟವನ್ನು ಬಿಡಬೇಡಿ. ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯವರು ನಮ್ಮ ಜಿಲ್ಲೆಯಲ್ಲಿ ಮಳಪ್ಪೊಲಿಮ ಎಂಬ ಹೆಸರಿನಲ್ಲಿ ಗದ್ದೆಗಿಳಿಯುತ್ತಾರೆ. ಅವತ್ತು ಅಮ್ಮಂದಿರು ಸೀರೆ ಎತ್ತಿಕಟ್ಟಿ ಓಡುತ್ತಾರೆ, ಬೀಳುತ್ತಾರೆ, ನಗುತ್ತಾರೆ. ಅಮ್ಮ ಓಡಿದ್ದನ್ನು ನೋಡಿದ ಮಗಳಿಗೆ ಮತ್ತೆ ಯಾರೂ ಪಾಠ ಹೇಳಬೇಕಿಲ್ಲ. ಒಂದು ಎಚ್ಚರಿಕೆ: ಕಾಲಿನಲ್ಲಿ ಗಾಯ ಇರುವವರು ಕೆಸರಿಗೆ ಇಳಿಯಬಾರದು. ಇಲಿಜ್ವರ ಬರುವುದು ಅಂಥ ನೀರಿನಿಂದಲೇ. ಆಟದ ನಂತರ ಸೋಪು ಹಾಕಿ ತೊಳೆಯಬೇಕು, ವಾರ ಎರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಆರೋಗ್ಯ ಕೇಂದ್ರದಲ್ಲಿ "ಗದ್ದೆಗೆ ಇಳಿದಿದ್ದೆ" ಎಂದು ಹೇಳಲೇಬೇಕು.

ಆ ಒಂದು ಗಂಟೆ

ಮೊದಲ ಹದಿನೈದು ನಿಮಿಷ ಮೈ ಬಿಸಿ ಮಾಡಲು. ಇದನ್ನು ಹಾರಿಸಿಬಿಡುವವರೇ ಹೆಚ್ಚು. ಬೆಳೆಯುವ ಹುಡುಗಿಯರಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು, ಮತ್ತು ಅದನ್ನು ಅಭ್ಯಾಸದಿಂದ ಬಹಳ ಮಟ್ಟಿಗೆ ತಡೆಯಬಹುದು. ಹೀಗೆ ಮಾಡಿ: ಜಗಲಿಯ ಒಂದು ಮೆಟ್ಟಿಲಿನಿಂದ ಜಿಗಿದು ಇಳಿಯಲು ಹೇಳಿ, ನೀವು ಎದುರು ನಿಂತು ಮೊಣಕಾಲು ನೋಡಿ. ಇಳಿದಾಗ ಎರಡೂ ಮೊಣಕಾಲು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬಂದರೆ ಅದು ತಪ್ಪು. ಮೊಣಕಾಲು ಬೆರಳುಗಳ ನೇರಕ್ಕೆ ಬರಬೇಕು, ಸೊಂಟ ಬಗ್ಗಬೇಕು, ಸದ್ದಾಗಬಾರದು. "ಮಲಗಿದ ಮಗು ಏಳದ ಹಾಗೆ ಇಳಿ" ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಆಮೇಲೆ ಒಂಟಿಕಾಲಲ್ಲಿ ನಿಲ್ಲುವುದು, ಬಸ್ಕಿ, ಓಡುತ್ತ ದಿಕ್ಕು ಬದಲಿಸುವುದು.

ಉಳಿದ ಹೊತ್ತು ಆಟ. ಸಾಲಿನಲ್ಲಿ ನಿಂತು ಸರದಿ ಕಾಯುವ ಹಾಗೆ ಮಾಡಬೇಡಿ. ಇಪ್ಪತ್ತು ಮಂದಿ ಇದ್ದರೆ ಮೂರು ಸಣ್ಣ ಅಂಕಣ ಎಳೆದು ಎಲ್ಲರೂ ಒಟ್ಟಿಗೇ ಆಡಲಿ. ಸೋತವಳು ಹೊರಗೆ ಕೂರುವ ಆಟ ಆದಷ್ಟು ಬೇಡ, ಯಾಕೆಂದರೆ ಮೊದಲು ಔಟಾಗುವವಳಿಗೇ ಆಟ ಹೆಚ್ಚು ಬೇಕಾಗಿರುತ್ತದೆ. ಕೂಗಾಟ ತುಳುವಿನಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ಬ್ಯಾರಿಯಲ್ಲೋ ನಡೆಯಲಿ, ಅಂಕಣದಲ್ಲಿ ಭಾಷೆಗಳು ತಾವೇ ಕಲಿತುಹೋಗುತ್ತವೆ.

ಬಟ್ಟೆ, ಮುಟ್ಟು, ಬಾಗಿಲು

ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಹನ್ನೆರಡು ಹದಿಮೂರರ ಹುಡುಗಿ ಓಡುವುದನ್ನು ನಿಲ್ಲಿಸುವ ದೊಡ್ಡ ಕಾರಣ ಅವಳ ಮೈ ಅಲುಗಾಡುತ್ತದೆ ಎಂಬುದು, ಅದನ್ನು ಯಾರೋ ನೋಡುತ್ತಿದ್ದಾರೆ ಎಂಬುದು. ಒಂದು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಅರ್ಧ ಸಮಸ್ಯೆ ಬಗೆಹರಿಸುತ್ತದೆ. ಜೆರ್ಸಿಗೆ ಇಟ್ಟ ಹಣದಲ್ಲಿ ಮೊದಲು ಅದನ್ನು ಕೊಳ್ಳಿ. ಅಳತೆ ತೆಗೆದು ತರುವ ಕೆಲಸವನ್ನು ಒಬ್ಬ ಅಕ್ಕನಿಗೆ ವಹಿಸಿ. ಮೇಲೆ ಸಡಿಲ ಟೀಶರ್ಟು, ಟ್ರ್ಯಾಕ್ ಪ್ಯಾಂಟು. ತುಂಬುತೋಳು ಬೇಕೆಂದವರಿಗೆ ತುಂಬುತೋಳು, ತಲೆವಸ್ತ್ರ ಬೇಕೆಂದವರಿಗೆ ಪಿನ್ನಿಲ್ಲದ, ಬಿಗಿಯಾಗಿ ಕೂರುವ ವಸ್ತ್ರ. ಬಟ್ಟೆಯ ವಾದದಲ್ಲಿ ಒಬ್ಬ ಹುಡುಗಿ ಆಟ ಬಿಟ್ಟರೆ ಸೋತದ್ದು ನಾವು. ಊರಿನ ಹೊಲಿಗೆ ಘಟಕದವರಿಗೇ ಹೊಲಿಯಲು ಕೊಡಿ.

ಮುಟ್ಟಿನ ದಿನ ಆಡಬಹುದು, ಆಡದೆಯೂ ಇರಬಹುದು, ಅದು ಅವಳ ಇಷ್ಟ. ಹೊಟ್ಟೆನೋವಿಗೆ ಮೆಲ್ಲಗಿನ ಓಡಾಟ ಒಳ್ಳೆಯದೇ. "ಇವತ್ತು ಅಂಕ ಬರೆಯುತ್ತೇನೆ" ಎಂದರೆ ಯಾಕೆ ಎಂದು ಕೇಳಬಾರದು ಎಂಬುದು ನಮ್ಮ ಅಂಗಳದ ನಿಯಮ. ಒಂದು ಡಬ್ಬಿಯಲ್ಲಿ ಪ್ಯಾಡ್, ಕಪ್ಪು ಬಣ್ಣದ ಒಂದು ಹೆಚ್ಚುವರಿ ಪ್ಯಾಂಟು ಸದಾ ಇರಲಿ. ಶೌಚಾಲಯಕ್ಕೆ ಒಳಗಿನ ಚಿಲಕ, ಬಕೆಟ್ಟು, ಮುಚ್ಚಳದ ಬುಟ್ಟಿ. ಆಟದ ಜಾಗದ ಹತ್ತಿರ ಶೌಚಾಲಯ ಇಲ್ಲದಿದ್ದರೆ ಹತ್ತಿರದ ಮನೆಯವರನ್ನು ಕೇಳಿ ಗೊತ್ತುಮಾಡಿ. ಇಲ್ಲದಿದ್ದರೆ ಹುಡುಗಿಯರು ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಟ್ಟು ಬರುತ್ತಾರೆ. ಹಾಗೆ ಬಂದ ಒಬ್ಬಳು ತಲೆಸುತ್ತಿ ಬಿದ್ದ ಮೇಲೆ ನನಗೆ ಇದು ತಿಳಿಯಿತು, ಅದು ನನ್ನ ತಪ್ಪು.

ತಲೆಸುತ್ತಿಗೆ ರಕ್ತಹೀನತೆಯೂ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತ ಕಡಿಮೆ ಇತ್ತು. ಆಶಾ ಕಾರ್ಯಕರ್ತೆಯ ಮೂಲಕ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಜೇಬಿಗೆ ಹಾಕದೆ ಊಟವಾದ ಮೇಲೆ ನುಂಗಲಿ, ಚಹಾದ ಜೊತೆ ಮಾತ್ರ ಬೇಡ. ಆಟಕ್ಕೆ ಮೊದಲು ಬಾಳೆಹಣ್ಣು, ಅವಲಕ್ಕಿ ಅಥವಾ ಬೇಯಿಸಿದ ಗೆಣಸು. ನಮ್ಮಲ್ಲಿ ತೋಟ ಇರುವ ಮನೆಯವರು ಸರದಿಯಲ್ಲಿ ಒಂದೊಂದು ಗೊನೆ ಕಳಿಸುತ್ತಾರೆ.

ಕಾವಲು

ಇಲ್ಲಿ ಸಡಿಲಿಕೆಗೆ ಅವಕಾಶವಿಲ್ಲ. ಯಾವಾಗಲೂ ಇಬ್ಬರು ದೊಡ್ಡವರು, ಒಬ್ಬರಾದರೂ ಹೆಂಗಸು. ತರಬೇತುದಾರ ಎಷ್ಟೇ ಪರಿಚಿತನಾದರೂ ಒಬ್ಬ ಹುಡುಗಿಯನ್ನು ಒಂಟಿಯಾಗಿ ಕರೆದೊಯ್ಯುವಂತಿಲ್ಲ, ರಾತ್ರಿ ಮೆಸೇಜು ಮಾಡುವಂತಿಲ್ಲ. ಕಬಡ್ಡಿ ಹಿಡಿತ ಕಲಿಸುವಾಗ ಹುಡುಗಿಯರ ಮೇಲೆಯೇ ಹುಡುಗಿಯರು ತೋರಿಸಲಿ. ಫೋಟೊ, ವಿಡಿಯೊ ಸ್ಟೇಟಸ್ಸಿಗೆ ಹಾಕುವ ಮೊದಲು ಹುಡುಗಿಯನ್ನೂ ಮನೆಯವರನ್ನೂ ಕೇಳಬೇಕು. ಏನಾದರೂ ಕೆಟ್ಟದ್ದು ನಡೆದಿದೆ ಎಂದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ದೂರು ಕೊಡಲೇಬೇಕು. ಊರಿನ ಮರ್ಯಾದೆ ಎಂದು ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098ನ್ನು ಪ್ರತಿ ಹುಡುಗಿಗೂ ಬಾಯಿಪಾಠ ಮಾಡಿಸಿ.

ಹಣ, ಪಂಚಾಯತಿ

ನಮಗೆ ಮೊದಲ ವರ್ಷ ಎರಡೂವರೆ ಸಾವಿರ ರೂಪಾಯಿ ಖರ್ಚಾಯಿತು. ಆಮೇಲೆ ಗ್ರಾಮಸಭೆಗೆ ಹೋದೆವು. ಕೇರಳದ ಸ್ಥಳೀಯ ಸಂಸ್ಥೆಗಳು ಯೋಜನಾ ಹಣದಲ್ಲಿ ಕನಿಷ್ಠ ಶೇ. 10ನ್ನು ಮಹಿಳಾ ಘಟಕ ಯೋಜನೆಗೆ ಇಡಬೇಕು. ಹುಡುಗಿಯರ ಕ್ರೀಡಾ ತರಬೇತಿಗೆ ಅದರಲ್ಲಿ ಪಾಲು ಕೇಳಿ. ಬರೇ ಮಾತಾಡಿದರೆ ಸಾಲದು, ಎಷ್ಟು ಹುಡುಗಿಯರು, ಎಷ್ಟು ದಿನ, ಏನೇನು ಬೇಕು ಎಂದು ಒಂದು ಪುಟ ಬರೆದು ವಾರ್ಡು ಮೆಂಬರರ ಕೈಗೆ ಕೊಡಿ. ಕುಟುಂಬಶ್ರೀಯ ಅಯಲ್ಕೂಟ (ನೆರೆಹೊರೆಯ ಹೆಂಗಸರ ಗುಂಪು) ಮತ್ತು ಬಾಲಸಭೆಯ (ಮಕ್ಕಳ ಗುಂಪು) ಮೂಲಕ ಬಂದ ಅರ್ಜಿಗೆ ತೂಕ ಹೆಚ್ಚು.

ಪಂದ್ಯ, ತಡವಾಗಿ

ಎರಡನೇ ವರ್ಷ ಒಂದು ಟೂರ್ನಮೆಂಟ್ ಬಂತು. ಹನ್ನೆರಡು ಮಂದಿಯನ್ನು ಆರಿಸಿ ಅವರಿಗೇ ಅಭ್ಯಾಸ ಕೊಟ್ಟೆ. ಕಪ್ ಬಂತು, ಉಳಿದ ಹದಿನಾಲ್ಕು ಹುಡುಗಿಯರು ಬರುವುದು ನಿಂತಿತು. ಅವರಲ್ಲಿ ಐದು ಮಂದಿ ಮತ್ತೆ ಬರಲೇ ಇಲ್ಲ. ಈಗ ಪಂದ್ಯದ ಅಭ್ಯಾಸ ಶನಿವಾರ ಬೇರೆ, ವಾರದ ಮೂರು ದಿನ ಎಲ್ಲರ ಆಟ.

ಆದರೂ ಪಂದ್ಯ ಬೇಡ ಎನ್ನಲಾರೆ. ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೇಲೆ ಹೋದವಳಿಗೆ ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಸೇರುವಾಗ ಕ್ರೀಡಾ ಕೋಟಾ ಇದೆ, ರಾಜ್ಯ ಮಟ್ಟದ ಸಾಧನೆಗೆ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕು ಇದೆ, ಮಂಗಳೂರು ಕಡೆಯ ಕಾಲೇಜುಗಳಲ್ಲೂ ಆಟಗಾರ್ತಿಯರಿಗೆ ಸೀಟು ಇದೆ. ಪ್ರತಿ ಸರ್ಟಿಫಿಕೇಟಿನ ಎರಡು ಪ್ರತಿ ತೆಗೆದಿಡಿ, ಹೆಸರು ಮತ್ತು ಜನ್ಮದಿನಾಂಕ ಶಾಲೆಯ ದಾಖಲೆಯಂತೆಯೇ ಇದೆಯೇ ನೋಡಿ. ಕನ್ನಡ ಹೆಸರುಗಳು ಮಲಯಾಳಕ್ಕೆ ಹೋಗಿ ಬರುವಾಗ ರೂಪ ಬದಲಾಗುತ್ತವೆ. ಒಂದು ವರ್ಷ ಹೆಸರು ನೋಂದಾಯಿಸುವ ಸೂಚನೆ ಮಲಯಾಳದಲ್ಲಿ ಮಾತ್ರ ಬಂದು, ನಾವು ಓದಿಸಿಕೊಳ್ಳುವಷ್ಟರಲ್ಲಿ ಕೊನೆಯ ದಿನ ಕಳೆದಿತ್ತು. ಹುಡುಗಿಯರು ಅತ್ತರು. ಅಂದಿನಿಂದ ಸೂಚನೆ ಬಂದ ದಿನವೇ ಪ್ಲಸ್ ಟೂ ಓದುವ ಇಬ್ಬರು ಅದನ್ನು ಕನ್ನಡಕ್ಕೆ ತಂದು ಅಮ್ಮಂದಿರ ಗುಂಪಿಗೆ ಹಾಕುತ್ತಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಕನ್ನಡದಲ್ಲೇ ಸೂಚನೆ ಕೊಡಿ ಎಂದು ಪ್ರತಿ ವರ್ಷ ಅರ್ಜಿಯನ್ನೂ ಕೊಡುತ್ತೇವೆ.

ಮಾರ್ಚ್‌ನಲ್ಲಿ

ಹತ್ತನೇ ಕ್ಲಾಸಿನವರು ಹೊರಡುವ ಮೊದಲು ಅವರಲ್ಲಿ ಇಬ್ಬರನ್ನು ಮುಂದಿನ ವರ್ಷದ ಅಕ್ಕಂದಿರಾಗಿ ಕೇಳಿ ಗೊತ್ತುಮಾಡಿ. ಬಸ್ಸಿನ ಖರ್ಚಿಗೆ ಏನಾದರೂ ಕೊಡಿ, ಪುಕ್ಕಟೆ ದುಡಿಸಬೇಡಿ. ಹಾಜರಿ ಪುಸ್ತಕ ತೆರೆದು ಯಾರು ಯಾವ ತಿಂಗಳಲ್ಲಿ ಬರುವುದು ನಿಲ್ಲಿಸಿದರು ಎಂದು ನೋಡಿ, ಏಪ್ರಿಲ್ ರಜೆಯಲ್ಲಿ ಆ ಮನೆಗಳಿಗೇ ಮೊದಲು ಹೋಗಿ. ಹಗ್ಗ, ವಿಸಿಲ್, ಪ್ಯಾಡಿನ ಡಬ್ಬಿ ರಜೆಯಲ್ಲಿ ಯಾರ ಮನೆಯಲ್ಲಿರಬೇಕು ಎಂಬುದೂ ತೀರ್ಮಾನವಾಗಲಿ. ನಮ್ಮಲ್ಲಿ ಅವು ಗುಡ್ಡೆ ದಾರಿಯ ಕೊನೆಯ ಮನೆಯ ಜಗಲಿಯಲ್ಲಿ, ಬೀಡಿ ತಡ್ಪೆ ನೇತುಹಾಕುವ ಮೊಳೆಯಲ್ಲೇ ನೇತಾಡುತ್ತಿರುತ್ತವೆ.